ಒಂದೇ ಬೀಗದಕೈ, ಹತ್ತು ಬಾಗಿಲು: ಪಾಸ್‌ವರ್ಡ್ ಮ್ಯಾನೇಜರ್ ಯಾರಿಗೆ ಬೇಕು, ಏಕೆ ಬೇಕು

2025ರ ಜೂನ್‌ನಲ್ಲಿ ಬಂದ ಸುದ್ದಿಯೊಂದು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ: 1,600 ಕೋಟಿ ಪಾಸ್‌ವರ್ಡ್‌ಗಳು ಸೋರಿಕೆಯಾಗಿವೆ, ಗೂಗಲ್, ಆ್ಯಪಲ್, ಫೇಸ್‌ಬುಕ್ ಯಾವುದೂ ಉಳಿದಿಲ್ಲ ಎಂಬುದು ಅದರ ಸಾರಾಂಶ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಕೂಡ ಆಗ ಎಚ್ಚರಿಕೆ ಹೊರಡಿಸಿ, ಪಾಸ್‌ವರ್ಡ್ ಬದಲಿಸುವಂತೆ ಸೂಚಿಸಿತ್ತು. ಅಂದಿನಿಂದ ಮುಂಬಯಿಯ ಕನ್ನಡ ಸಂಘಗಳ, ಹೋಟೆಲು ಮಾಲೀಕರ, ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಲಹೆಗಳು ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತಿವೆ. ಪಾಸ್‌ವರ್ಡ್‌ಗಳನ್ನು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳಿ ಎನ್ನುವುದು ಒಂದು. ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯೇ ಲೂಟಿಯಾಗಿದೆ, ಅದನ್ನು ಮಾತ್ರ ನಂಬಬೇಡಿ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಹಾಗಿರುವಾಗ ಓದುಗರು ದಿಕ್ಕುಗಾಣದೆ ಹಳೆಯ ಪಾಸ್‌ವರ್ಡನ್ನೇ ಮುಂದುವರಿಸುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

1,600 ಕೋಟಿ ಎಲ್ಲಿಂದ ಬಂತು

ಜಗತ್ತಿನ ಜನಸಂಖ್ಯೆಯೇ ಸುಮಾರು 800 ಕೋಟಿ. ತಲೆಗೆ ಎರಡರಂತೆ ಪಾಸ್‌ವರ್ಡ್ ಒಂದೇ ದಿನ ಕಳವಾಯಿತೇ? ಇಲ್ಲ. ಸೈಬರ್‌ನ್ಯೂಸ್ ಎಂಬ ಜಾಲತಾಣದ ಸಂಶೋಧಕರು ಕಂಡದ್ದು ಸುಮಾರು 30 ಬೇರೆ ಬೇರೆ ದತ್ತಾಂಶ ಸಂಗ್ರಹಗಳನ್ನು. ಅವುಗಳಲ್ಲಿ ಹಳೆಯ ಸೋರಿಕೆಗಳ ಮಾಹಿತಿಯಿತ್ತು, ಒಂದೇ ವಿವರ ಹಲವು ಸಲ ಬಂದದ್ದೂ ಇತ್ತು. ಗೂಗಲ್ ಅಥವಾ ಆ್ಯಪಲ್‌ನ ಕೋಟೆಗೆ ಯಾರೂ ಕನ್ನ ಕೊರೆದಿರಲಿಲ್ಲ. ಬಹುಪಾಲು ವಿವರಗಳು ಬಳಕೆದಾರರ ಸ್ವಂತ ಕಂಪ್ಯೂಟರುಗಳಿಂದ ಹೋದವು. ಇನ್ಫೋಸ್ಟೀಲರ್ ಎಂಬ ಜಾತಿಯ ಕುತಂತ್ರಾಂಶಗಳು ಕಳ್ಳಪ್ರತಿ ಸಾಫ್ಟ್‌ವೇರ್ ಅಥವಾ ಮೋಸದ ಇಮೇಲ್ ಮೂಲಕ ಒಳಗೆ ಬಂದು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿಕೊಂಡು ಹೋಗುತ್ತವೆ. ಇಂಥವುಗಳಲ್ಲಿ ಒಂದಾದ ಲುಮಾದ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಕಡಿದವು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ ಅದು ಜಗತ್ತಿನಾದ್ಯಂತ 3.94 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಹೊಕ್ಕಿತ್ತು.

ಅಂಕಿ ಉಬ್ಬಿಸಿದ್ದೇ ಆಗಿರಬಹುದು, ಅದರ ಹಿಂದಿನ ಅಪಾಯ ಮಾತ್ರ ನಿಜವಾದದ್ದು. ಸೋರಿದ ಪಾಸ್‌ವರ್ಡ್‌ಗಳ ಸಂತೆ ವರ್ಷವಿಡೀ ನಡೆಯುತ್ತದೆ. ಅಲ್ಲಿ ನಮ್ಮದೂ ಒಂದು ಇದ್ದರೆ ಏನಾಗುತ್ತದೆ ಎಂಬುದು, ಅದೇ ಪಾಸ್‌ವರ್ಡನ್ನು ಇನ್ನೆಷ್ಟು ಕಡೆ ಇಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ.

ಗಲ್ಲಾದ ಪಕ್ಕದ ನೋಟುಪುಸ್ತಕ

ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮವರ ಯಾವುದೇ ಮಧ್ಯಮ ಗಾತ್ರದ ಹೋಟೆಲನ್ನು ತೆಗೆದುಕೊಳ್ಳಿ. ಗಲ್ಲಾದಲ್ಲಿ ಕುಳಿತವರ ಕೈಗೆಟಕುವಂತೆ, ಬಿಲ್ಲು ಪುಸ್ತಕದ ಕೆಳಗೆ, ಒಂದು ರಟ್ಟಿನ ನೋಟುಪುಸ್ತಕ ಇರುತ್ತದೆ. ಕೊನೆಯ ಪುಟಗಳಲ್ಲಿ ಬಾಲ್‌ಪೆನ್ನಿನ ಅಕ್ಷರ: ಜಿಎಸ್‌ಟಿ, ಆಹಾರ ಪರವಾನಗಿ, ಅಂಗಡಿ ನೋಂದಣಿಯ ಗುಮಾಸ್ತಾ ಲೈಸೆನ್ಸ್, ವಿದ್ಯುತ್ ಬಿಲ್ಲು, ಕಾರ್ಮಿಕರ ಪಿಎಫ್, ಸ್ವಿಗ್ಗಿ, ಜೊಮ್ಯಾಟೊ, ಎರಡು ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್. ಒಂದೊಂದರ ಮುಂದೆಯೂ ಹೋಟೆಲಿನ ಹೆಸರಿನಲ್ಲಿರುವ ದೇವರು, ಆಮೇಲೆ ಒಂದು @ ಚಿಹ್ನೆ, ಆಮೇಲೆ ಇಸವಿ. 2023 ಹೊಡೆದುಹಾಕಿ 2024, ಅದನ್ನೂ ಹೊಡೆದು 2025. ಪುಟ ಮಗುಚಿದರೂ ದೇವರು ಬದಲಾಗುವುದಿಲ್ಲ.

ಇದನ್ನು ಅಜ್ಞಾನ ಎಂದು ಕರೆಯುವುದು ಅನ್ಯಾಯ. ಬೆಳಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವವರಿಗೆ ಇಪ್ಪತ್ತು ಸಂಸ್ಥೆಗಳು ಇಪ್ಪತ್ತು ಬೇರೆ ಪಾಸ್‌ವರ್ಡ್ ಕೇಳುತ್ತವೆ. ಪ್ರತಿಯೊಂದಕ್ಕೂ ದೊಡ್ಡಕ್ಷರ, ಅಂಕಿ, ಚಿಹ್ನೆ ಬೇಕು. ಕೆಲವಂತೂ ಮೂರು ತಿಂಗಳಿಗೊಮ್ಮೆ ಬದಲಿಸು ಎನ್ನುತ್ತವೆ. ಮನುಷ್ಯನ ನೆನಪಿಗೆ ಅಷ್ಟು ಹೊರುವ ಶಕ್ತಿಯಿಲ್ಲ, ಆದ್ದರಿಂದ ಅದು ಒಂದು ಸೂತ್ರ ಕಟ್ಟಿಕೊಂಡು ಬದುಕುತ್ತದೆ. ಆ ಸೂತ್ರ ನಮಗೆ ನೆನಪಿಡಲು ಎಷ್ಟು ಸುಲಭವೋ, ಒಂದು ಸಲ ನೋಡಿದ ಕಳ್ಳನಿಗೆ ಊಹಿಸಲೂ ಅಷ್ಟೇ ಸುಲಭ.

ಪುಸ್ತಕದಲ್ಲಿ ಬರೆದಿಟ್ಟಿರುವುದು ಇಲ್ಲಿನ ದೊಡ್ಡ ದೋಷವಲ್ಲ. ರಷ್ಯದಲ್ಲೋ ನೈಜೀರಿಯದಲ್ಲೋ ಕುಳಿತ ಕಳ್ಳ ಡೊಂಬಿವಲಿಯ ಗಲ್ಲಾವನ್ನು ತೆರೆಯಲಾರ. ಮನೆಯ ಗೋದ್ರೆಜ್ ಕಪಾಟಿನೊಳಗೆ ಇಟ್ಟ ಪುಸ್ತಕದಲ್ಲಿ ಪ್ರತಿ ಖಾತೆಗೂ ಬೇರೆ ಬೇರೆ, ಉದ್ದವಾದ ಪಾಸ್‌ವರ್ಡ್ ಬರೆದಿಟ್ಟುಕೊಂಡ ಹಿರಿಯರು ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಬಳಸುವ ಎಂಜಿನಿಯರರಿಗಿಂತ ಸುರಕ್ಷಿತರು. ಹೋಟೆಲಿನ ಪುಸ್ತಕದ ತೊಂದರೆ ಬೇರೆ. ಅದು ಹತ್ತು ಕೈಗಳ ನಡುವೆ ಇರುತ್ತದೆ, ಮತ್ತು ಅದರಲ್ಲಿರುವ ಒಂಬತ್ತು ಸಾಲುಗಳು ವಾಸ್ತವದಲ್ಲಿ ಒಂದೇ ಪಾಸ್‌ವರ್ಡಿನ ಒಂಬತ್ತು ವೇಷಗಳು.

ಒಂದು ಸೋರಿದರೆ ಉಳಿದವು ಹೇಗೆ ಹೋಗುತ್ತವೆ

ಪಾಸ್‌ವರ್ಡನ್ನು ಯಾರೋ ಕುಳಿತು ಊಹಿಸುತ್ತಾರೆ ಎಂಬುದು ನಮ್ಮ ಮನಸ್ಸಿನಲ್ಲಿರುವ ಚಿತ್ರ. ಈಗ ಹೆಚ್ಚು ನಡೆಯುವುದು ಅದಕ್ಕಿಂತ ಸುಲಭದ ಕೆಲಸ. ಒಂದು ತಾಣದಿಂದ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಯಂತ್ರವೊಂದು ನೂರಾರು ಬೇರೆ ತಾಣಗಳಲ್ಲಿ ಹಾಕಿ ನೋಡುತ್ತದೆ. ತೆರೆದುಕೊಂಡದ್ದು ಲಾಭ, ಉಳಿದದ್ದಕ್ಕೆ ನಷ್ಟವಿಲ್ಲ.

ಹೋಟೆಲು ಉದ್ಯಮದವರಿಗೆ ಹತ್ತಿರದ ಉದಾಹರಣೆ ಜೊಮ್ಯಾಟೊದ್ದೇ. 2017ರ ಮೇ ತಿಂಗಳಲ್ಲಿ ಅದರ 1.7 ಕೋಟಿ ಬಳಕೆದಾರರ ವಿವರಗಳು ಕಳವಾದವು. ಹೇಗಾಯಿತು ಎಂಬುದನ್ನು ಕಂಪನಿಯೇ ಮುಂದೆ ಬಂದು ವಿವರಿಸಿತು. 2015ರಲ್ಲಿ ಉಚಿತ ವೆಬ್ ಹೋಸ್ಟಿಂಗ್ ಕೊಡುವ, ಜೊಮ್ಯಾಟೊಗೆ ಯಾವ ಸಂಬಂಧವೂ ಇಲ್ಲದ ತಾಣವೊಂದರಿಂದ ಪಾಸ್‌ವರ್ಡ್‌ಗಳು ಸೋರಿದ್ದವು. ಆ ಪಟ್ಟಿಯಲ್ಲಿ ಜೊಮ್ಯಾಟೊದ ಒಬ್ಬ ಡೆವಲಪರ್ ಇದ್ದರು. ಅವರು ತಂತ್ರಾಂಶದ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಖಾತೆಗೂ ಅದೇ ಪಾಸ್‌ವರ್ಡ್ ಇಟ್ಟಿದ್ದರು. ಕಳ್ಳ ಅಲ್ಲಿಗೆ ಹೊಕ್ಕು, ಕಂಪನಿಯ ಕೋಡನ್ನು ಓದಿ, ಅದರಲ್ಲಿದ್ದ ಲೋಪವೊಂದನ್ನು ಹಿಡಿದು ದತ್ತಾಂಶದವರೆಗೆ ತಲುಪಿದ. ಒಬ್ಬ ನುರಿತ ತಂತ್ರಜ್ಞರ ಒಂದು ಮರುಬಳಕೆಯ ಪಾಸ್‌ವರ್ಡ್ ಎರಡು ವರ್ಷ ಕಾದು 1.7 ಕೋಟಿ ಜನರನ್ನು ಮುಟ್ಟಿತು.

ಅಮೆರಿಕದ 23ಆ್ಯಂಡ್‌ಮಿ ಎಂಬ ವಂಶವಾಹಿ ಪರೀಕ್ಷೆಯ ಕಂಪನಿಯಲ್ಲಿ 2023ರಲ್ಲಿ ಹೀಗೆ ಹಳೆಯ ಪಾಸ್‌ವರ್ಡ್ ಹಾಕಿ ತೆರೆದದ್ದು ಸುಮಾರು 14,000 ಖಾತೆಗಳನ್ನು ಮಾತ್ರ. ಆದರೆ ಅಲ್ಲಿ ರಕ್ತಸಂಬಂಧಿಗಳ ವಿವರ ಪರಸ್ಪರ ಕಾಣುವ ಸೌಲಭ್ಯ ಇದ್ದುದರಿಂದ ಸುಮಾರು 69 ಲಕ್ಷ ಜನರ ಮಾಹಿತಿ ಹೊರಗೆ ಹೋಯಿತು. ತಮ್ಮ ಪಾಸ್‌ವರ್ಡನ್ನು ಜೋಪಾನವಾಗಿಟ್ಟುಕೊಂಡವರ ವಿವರವೂ ಅದರಲ್ಲಿ ಹೋಯಿತು.

ಇವೆಲ್ಲದರ ಮೂಲ ಕಾರಣ ಒಂದೇ, ಮರುಬಳಕೆ. ಮರುಬಳಕೆಯ ಕಾರಣ ನೆನಪಿನ ಮಿತಿ. ಎಚ್ಚರದಿಂದಿರಿ ಎಂದು ಎಷ್ಟು ಸಲ ಹೇಳಿದರೂ ಆ ಮಿತಿ ಹಿಗ್ಗುವುದಿಲ್ಲ.

ಮ್ಯಾನೇಜರ್ ಮಾಡುವ ಕೆಲಸ

ಪಾಸ್‌ವರ್ಡ್ ಮ್ಯಾನೇಜರ್ ನೆನಪಿಡುವ ಕೆಲಸವನ್ನೇ ನಮ್ಮಿಂದ ಇಳಿಸಿಕೊಳ್ಳುತ್ತದೆ. ಪ್ರತಿ ಖಾತೆಗೂ ಇಪ್ಪತ್ತು ಅಕ್ಷರಗಳ, ಅರ್ಥವಿಲ್ಲದ, ಬೇರೆ ಬೇರೆ ಪಾಸ್‌ವರ್ಡ್ ಹೊಸೆಯುತ್ತದೆ, ಗೂಢಲಿಪಿಯ ತಿಜೋರಿಯಲ್ಲಿ ಇಡುತ್ತದೆ, ಬೇಕಾದಾಗ ತಾನೇ ತುಂಬುತ್ತದೆ. ನಾವು ನೆನಪಿಡಬೇಕಾದದ್ದು ತಿಜೋರಿಯ ಒಂದು ಮಾಸ್ಟರ್ ಪಾಸ್‌ವರ್ಡ್.

ಒಳಗೆ ನಡೆಯುವುದು ಹೀಗೆ. ನಾವು ಟೈಪು ಮಾಡಿದ ಮಾಸ್ಟರ್ ಪಾಸ್‌ವರ್ಡನ್ನು ನಮ್ಮ ಮೊಬೈಲೇ ಲಕ್ಷಾಂತರ ಸಲ ಗಣಿತದ ಗಾಣಕ್ಕೆ ಹಾಕಿ ಅರೆದು ಒಂದು ಕೀಲಿಯನ್ನು ತಯಾರಿಸುತ್ತದೆ. ಆ ಕೀಲಿಯಿಂದ ತಿಜೋರಿ ಮುಚ್ಚಿದ ಮೇಲೆಯೇ ಅದರ ಪ್ರತಿ ಕಂಪನಿಯ ಸರ್ವರಿಗೆ ಹೋಗುತ್ತದೆ. ಫೋನಿನ ಜೊತೆಗೇ ಬರುವುದಲ್ಲದೆ ನಾವು ಪ್ರತ್ಯೇಕವಾಗಿ ಹಾಕಿಕೊಳ್ಳುವ ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಮಾಸ್ಟರ್ ಪಾಸ್‌ವರ್ಡ್ ಕಂಪನಿಗೇ ಗೊತ್ತಿರುವುದಿಲ್ಲ. ಮರೆತರೆ ಮರಳಿ ಕೊಡಿ ಎಂದು ಕೇಳಿದರೆ ಅವರ ಬಳಿ ಕೊಡಲು ಏನೂ ಇರುವುದಿಲ್ಲ. ಅರೆಯುವುದು ಲಕ್ಷಾಂತರ ಸಲ ಏಕೆ? ನಮಗೆ ಅರೆಕ್ಷಣದ ವಿಳಂಬ ಗೊತ್ತಾಗುವುದಿಲ್ಲ, ಆದರೆ ಕೋಟಿ ಕೋಟಿ ಊಹೆಗಳನ್ನು ಪರೀಕ್ಷಿಸುವ ಕಳ್ಳನಿಗೆ ಪ್ರತಿ ಊಹೆಗೂ ಅದೇ ವಿಳಂಬ ತಗಲುತ್ತದೆ.

ಜನ ಹೆಚ್ಚು ಗಮನಿಸದ ಇನ್ನೊಂದು ಪ್ರಯೋಜನವೇ ನನ್ನ ದೃಷ್ಟಿಯಲ್ಲಿ ದೊಡ್ಡದು. ನಿಮ್ಮ ಖಾತೆ ಇಂದು ರಾತ್ರಿ ಬಂದ್ ಆಗಲಿದೆ, ಕೆವೈಸಿ ಮಾಡಿ ಎಂಬ ಸಂದೇಶ ಬರುತ್ತದೆ. ಒತ್ತಿದರೆ ಬ್ಯಾಂಕಿನ ಪುಟವೇ, ಅದೇ ಬಣ್ಣ, ಅದೇ ಲಾಂಛನ. ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ಎಮ್ ಇರಬೇಕಾದ ಕಡೆ ಆರ್ ಮತ್ತು ಎನ್ ಅಕ್ಷರಗಳು ಒತ್ತಾಗಿ ಕುಳಿತಿವೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಂದು ಕೈಯಿಂದ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುವವರ ಕಣ್ಣಿಗೆ ಆ ವ್ಯತ್ಯಾಸ ಬೀಳುವುದಿಲ್ಲ. ಮ್ಯಾನೇಜರ್‌ಗೆ ಬಣ್ಣವೂ ಲಾಂಛನವೂ ಲೆಕ್ಕಕ್ಕಿಲ್ಲ. ತಾನು ಉಳಿಸಿಟ್ಟ ವಿಳಾಸಕ್ಕೂ ಎದುರಿಗಿರುವ ವಿಳಾಸಕ್ಕೂ ಹೊಂದುವುದಿಲ್ಲ ಎಂದರೆ ಅದು ಸುಮ್ಮನಿರುತ್ತದೆ, ಪಾಸ್‌ವರ್ಡ್ ತುಂಬುವುದಿಲ್ಲ. ಎಂದೂ ತಾನಾಗಿ ತುಂಬುತ್ತಿದ್ದದ್ದು ಇಂದೇಕೆ ತುಂಬಲಿಲ್ಲ ಎಂದು ಕೈ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣದಲ್ಲಿ ಎಷ್ಟೋ ಖಾತೆಗಳು ಉಳಿಯುತ್ತವೆ.

ಇಲ್ಲಿ ಒಂದು ಹೊಸ ತೊಡಕನ್ನು ಹೇಳಲೇಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ನಮ್ಮ ಬ್ಯಾಂಕುಗಳು ತಮ್ಮ ತಾಣಗಳನ್ನು ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಯಿಸಬೇಕಿತ್ತು. ಅದಕ್ಕೆ ಕೊಟ್ಟ ಗಡುವು 2025ರ ಅಕ್ಟೋಬರ್ 31. ಮೋಸದ ತಾಣಗಳನ್ನು ಗುರುತಿಸಲು ಇದು ಒಳ್ಳೆಯ ಕ್ರಮ. ಆದರೆ ಹಳೆಯ ವಿಳಾಸ ಉಳಿಸಿಟ್ಟುಕೊಂಡ ಮ್ಯಾನೇಜರ್ ಹೊಸ, ಅಸಲಿ ತಾಣದಲ್ಲೂ ತುಂಬಲು ಒಪ್ಪದಿರಬಹುದು. ಆಗ ಬಂದ ಸಂದೇಶವನ್ನು ಒತ್ತದೆ, ಬ್ಯಾಂಕಿನ ಶಾಖೆಯಲ್ಲಿ ಹೊಸ ವಿಳಾಸವನ್ನು ಖಚಿತಪಡಿಸಿಕೊಂಡು, ಮ್ಯಾನೇಜರ್‌ನಲ್ಲಿ ಅದನ್ನು ಕೈಯಾರೆ ತಿದ್ದಿಕೊಳ್ಳಬೇಕು.

ತಿಜೋರಿಯೇ ಹೋದರೆ?

ವಿರೋಧಿಗಳ ವಾದ ಹಗುರವಾದುದಲ್ಲ. ಎಲ್ಲ ಬೀಗದಕೈಗಳನ್ನೂ ಒಂದೇ ಗೊಂಚಲಿಗೆ ಕಟ್ಟಿದರೆ, ಗೊಂಚಲು ಕಳೆದ ದಿನ ಮನೆಯೇ ಹೋಯಿತಲ್ಲ ಎಂಬುದು ಅವರ ಪ್ರಶ್ನೆ. ಅದಕ್ಕೆ ಅವರು ತೋರಿಸುವ ಸಾಕ್ಷಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿ.

2022ರಲ್ಲಿ ಆ ಕಂಪನಿಗೆ ಎರಡು ಹಂತಗಳಲ್ಲಿ ಕನ್ನ ಬಿತ್ತು. ಮೊದಲು ಡೆವಲಪರುಗಳ ವ್ಯವಸ್ಥೆಗೆ, ಆಮೇಲೆ ಒಬ್ಬ ಹಿರಿಯ ಎಂಜಿನಿಯರರ ಮನೆಯ ಕಂಪ್ಯೂಟರಿಗೆ. ಅಲ್ಲಿಂದ ಸಿಕ್ಕ ಕೀಲಿಗಳಿಂದ ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಹೊತ್ತೊಯ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾವ ಯಾವ ತಾಣಗಳಲ್ಲಿ ಖಾತೆಯಿದೆ ಎಂಬ ವಿಳಾಸಗಳು ಬಯಲಾಗಿದ್ದವು. ಇನ್ನೊಂದು ತಪ್ಪು ಹಳೆಯದು: ಆಗ ಹೊಸ ಖಾತೆಗಳಿಗೆ ಅರೆಯುವ ಲೆಕ್ಕ 1,00,100 ಸಲ ಇದ್ದರೆ, ಎಷ್ಟೋ ಹಳೆಯ ಖಾತೆಗಳಲ್ಲಿ ಅದು 5,000ದಲ್ಲೇ ನಿಂತಿತ್ತು. ಭದ್ರತಾ ತಜ್ಞರ ಬಳಗವಾದ ಒವಾಸ್ಪ್ ಅದೇ ವಿಧಾನಕ್ಕೆ ಈಗ ಹೇಳುವುದು ಆರು ಲಕ್ಷ ಸಲ. ಮಾಸ್ಟರ್ ಪಾಸ್‌ವರ್ಡ್ ದುರ್ಬಲವಾಗಿದ್ದವರ ತಿಜೋರಿಗಳನ್ನು ಕಳ್ಳರು ಬಿಡುವಾಗಿ ಕುಳಿತು ಮುರಿಯಬಹುದಿತ್ತು. 2024ರ ಒಂದು ಭಾರೀ ಕ್ರಿಪ್ಟೊ ಕಳವಿಗೆ 2022ರಲ್ಲಿ ಲೂಟಿಯಾದ ಪಾಸ್‌ವರ್ಡ್ ತಿಜೋರಿಯೇ ಮೂಲ ಎಂದು ಅಮೆರಿಕದ ತನಿಖಾಧಿಕಾರಿಗಳು ನ್ಯಾಯಾಲಯಕ್ಕೆ ಹೇಳಿದ್ದಾರೆ.

2025ರ ಆಗಸ್ಟ್‌ನಲ್ಲಿ ನಡೆದ ಡೆಫ್ ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ಇನ್ನೊಂದು ದೌರ್ಬಲ್ಯ ಹೊರಬಿತ್ತು. ದುಷ್ಟ ಪುಟವೊಂದು ಮ್ಯಾನೇಜರ್‌ನ ಗುಂಡಿಯನ್ನು ಕಾಣದಂತೆ ಮರೆಮಾಡಿ, ಬಳಕೆದಾರರಿಂದಲೇ ಅದನ್ನು ಒತ್ತಿಸಿ ವಿವರ ಕದಿಯುವ ತಂತ್ರ ಅದು. ಬ್ರೌಸರಿಗೆ ಜೋಡಿಸಿಕೊಳ್ಳುವ ಹಲವು ಹೆಸರಾಂತ ಮ್ಯಾನೇಜರ್‌ಗಳು ಅದಕ್ಕೆ ಸಿಕ್ಕಿಬೀಳುತ್ತಿದ್ದವು.

ಇಷ್ಟಿದ್ದೂ ನನ್ನ ತೀರ್ಮಾನ ಮ್ಯಾನೇಜರ್ ಕಡೆಗೇ ಇದೆ, ಅದಕ್ಕೆ ಕಾರಣ ಎರಡು ಅಪಾಯಗಳ ಸ್ವರೂಪ. ಲಾಸ್ಟ್‌ಪಾಸ್‌ನಲ್ಲಿ ಕಳ್ಳನ ಕೈಗೆ ಬಂದದ್ದು ಮುಚ್ಚಿದ ತಿಜೋರಿ. ಉದ್ದವಾದ, ಬೇರೆಲ್ಲೂ ಬಳಸದ ಮಾಸ್ಟರ್ ಪಾಸ್‌ವರ್ಡ್ ಇದ್ದವರಿಗೆ ತಮ್ಮ ಖಾತೆಗಳನ್ನು ಒಂದೊಂದಾಗಿ ಬದಲಿಸಿಕೊಳ್ಳಲು ಕಾಲಾವಕಾಶ ಸಿಕ್ಕಿತು. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಟ್ಟವರಿಗೆ ಆ ಅವಕಾಶ ಇಲ್ಲ. ಅವರ ಗೊಂಚಲು ಕೂಡ ಒಂದೇ. ವ್ಯತ್ಯಾಸವೆಂದರೆ ಅದನ್ನು ಕಾಯುತ್ತಿರುವುದು ಆ ಹತ್ತರಲ್ಲಿ ಅತ್ಯಂತ ದುರ್ಬಲವಾದ ತಾಣ, ಎಂದೋ ಒಮ್ಮೆ ಸೀರೆ ಕೊಂಡ ಅಂಗಡಿಯ ಜಾಲತಾಣವೂ ಆಗಿರಬಹುದು.

ಕಂಪ್ಯೂಟರಿಗೇ ಇನ್ಫೋಸ್ಟೀಲರ್ ಹೊಕ್ಕಿದ್ದರೆ ಮಾತ್ರ ಯಾವ ಮ್ಯಾನೇಜರ್ ಇದ್ದೂ ಭರವಸೆ ಇಲ್ಲ. ತೆರೆದ ತಿಜೋರಿಯ ಮುಂದೆ ಕಳ್ಳ ನಿಂತಿರುವಾಗ ತಿಜೋರಿಯ ಉಕ್ಕು ಎಷ್ಟು ದಪ್ಪವಿದ್ದರೇನು? ಬಿಲ್ಲಿಂಗ್ ಕಂಪ್ಯೂಟರಿಗೆ ಕಳ್ಳಪ್ರತಿಯ ಲೆಕ್ಕಪತ್ರ ತಂತ್ರಾಂಶ ಹಾಕಿಸಿಕೊಂಡವರು ಮೊದಲು ಅದನ್ನು ತೆಗೆಸಬೇಕು.

ಬ್ಯಾಂಕುಗಳೇ ಅಡ್ಡಗಾಲು

ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ನಿಯಮದ ಮೂಲ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿದೆ. ಅದನ್ನು ಬರೆದ ಬಿಲ್ ಬರ್, 2017ರಲ್ಲಿ ತಾವು ಮಾಡಿದ್ದಕ್ಕೆ ಬಹಿರಂಗವಾಗಿ ವಿಷಾದಪಟ್ಟರು. ಕಾರಣ, ಬಲವಂತದ ಬದಲಾವಣೆಗೆ ಜನ ಕೊಡುವ ಉತ್ತರ 2024ನ್ನು 2025 ಮಾಡುವುದು. 2025ರ ನಿಸ್ಟ್ ಮಾರ್ಗಸೂಚಿ ಕಾಲಕಾಲಕ್ಕೆ ಬದಲಿಸಲು ಒತ್ತಾಯಿಸಕೂಡದು, ಪಾಸ್‌ವರ್ಡ್ ಮ್ಯಾನೇಜರ್ ಬಳಸಲು ಅವಕಾಶ ಕೊಡಲೇಬೇಕು ಎನ್ನುತ್ತದೆ. ನಮ್ಮ ಹಲವು ಬ್ಯಾಂಕುಗಳ ಹಾಗೂ ಸರ್ಕಾರಿ ತಾಣಗಳು ಇನ್ನೂ ಪಾಸ್‌ವರ್ಡ್ ಪೇಸ್ಟ್ ಮಾಡಲು ಬಿಡುವುದಿಲ್ಲ, ಪರದೆಯ ಮೇಲಿನ ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಒತ್ತಿಸುತ್ತವೆ. ಒತ್ತುವ ಕಷ್ಟ ತಪ್ಪಿಸಲು ಗ್ರಾಹಕರು ಚಿಕ್ಕ ಪಾಸ್‌ವರ್ಡ್ ಇಡುತ್ತಾರೆ. ಭದ್ರತೆಯ ಹೆಸರಿನಲ್ಲಿ ಭದ್ರತೆಯನ್ನೇ ತೆಳುವಾಗಿಸುವ ಈ ಕ್ರಮ ಇನ್ನಾದರೂ ನಿಲ್ಲಬೇಕು.

ಊರಿಗೆ ಹೋದ ಮ್ಯಾನೇಜರರು, ತೀರಿಹೋದ ತಂದೆ

ಹೋಟೆಲಿನ ಮ್ಯಾನೇಜರರು ಕೆಲಸ ಬಿಟ್ಟು ಕುಂದಾಪುರಕ್ಕೆ ಮರಳುತ್ತಾರೆ. ಲೆಕ್ಕ ನೋಡುವವರು ಬೇರೆ ಕಡೆ ಸೇರುತ್ತಾರೆ. ಜಿಎಸ್‌ಟಿಯ, ಸ್ವಿಗ್ಗಿಯ ಪಾಸ್‌ವರ್ಡ್‌ಗಳು ಅವರ ಮೊಬೈಲಿನಲ್ಲೇ ಉಳಿಯುತ್ತವೆ. ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ಬೇಕಾದ ಒಂದೆರಡು ಖಾತೆಗಳನ್ನಷ್ಟೇ ಒಬ್ಬರಿಗೆ ಹಂಚಿ, ಅವರು ಹೋದಾಗ ಹಿಂತೆಗೆದುಕೊಳ್ಳಬಹುದು. ಒಮ್ಮೆ ನೋಡಿದ್ದನ್ನು ಅವರು ಬರೆದಿಟ್ಟುಕೊಂಡಿರಬಹುದಾದ್ದರಿಂದ ಪಾಸ್‌ವರ್ಡನ್ನು ಬದಲಿಸಲೂ ಬೇಕು. ಆದರೆ ಬದಲಿಸಬೇಕಾದದ್ದು ಯಾವುದು ಎಂಬ ಪಟ್ಟಿ ಕಣ್ಣೆದುರಿಗೆ ಇರುತ್ತದೆ, ಮತ್ತು ಬದಲಿಸುವುದು ಎರಡು ನಿಮಿಷದ ಕೆಲಸ.

ಸಾವಿನ ವಿಷಯ ಇನ್ನೂ ಕಠಿಣ. ಮಕ್ಕಳು ಪುಣೆಯಲ್ಲಿ, ತಂದೆ ತಾಯಿ ಉಡುಪಿಯಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಇರುವ ಕುಟುಂಬಗಳಲ್ಲಿ, ಹಿರಿಯರು ಹಠಾತ್ತನೆ ತೀರಿಕೊಂಡಾಗ ಯಾವ ಬ್ಯಾಂಕು, ಯಾವ ವಿಮೆ, ಯಾವ ಡಿಮ್ಯಾಟ್ ಎಂಬುದೇ ತಿಳಿಯದೆ ತಿಂಗಳುಗಟ್ಟಲೆ ಅಲೆದಾಟವಾಗುತ್ತದೆ. ಬಿಟ್‌ವಾರ್ಡನ್‌ನಂಥ ಮ್ಯಾನೇಜರ್‌ನ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ತುರ್ತು ಪ್ರವೇಶದ ವ್ಯವಸ್ಥೆ ಇದೆ: ನೇಮಿಸಿದ ವ್ಯಕ್ತಿ ಕೋರಿಕೆ ಸಲ್ಲಿಸಿ, ಗೊತ್ತುಪಡಿಸಿದ ದಿನಗಳೊಳಗೆ ಮಾಲೀಕರು ನಿರಾಕರಿಸದಿದ್ದರೆ ತಿಜೋರಿ ತೆರೆಯುತ್ತದೆ. ಗೂಗಲ್‌ನಲ್ಲೂ ಆ್ಯಪಲ್‌ನಲ್ಲೂ ತಮ್ಮ ನಂತರ ಯಾರು ಎಂದು ಹೆಸರಿಸಿಡುವ ಸೌಲಭ್ಯವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ನಾಮನಿರ್ದೇಶನದ ಹಕ್ಕನ್ನು ಕೊಟ್ಟಿದೆ. ಬ್ಯಾಂಕು, ವಿಮೆ, ಡಿಮ್ಯಾಟ್ ಖಾತೆಗಳ ಹಣಕ್ಕೆ ಕಾನೂನಿನ ವಾರಸುದಾರಿಕೆ ಬೇರೆಯೇ ಇದೆ. ಇಲ್ಲಿ ಸಿಗುವುದು ಎಲ್ಲಿ ಏನಿದೆ ಎಂಬ ದಾರಿ.

ಇದು ಕೆಲಸಕ್ಕೆ ಬಾರದ ಕಡೆ

ಗೋವಾದ ವಾಸ್ಕೊ, ಝುವಾರಿನಗರಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕೂಲಿಕಾರರ ಬಹುಪಾಲು ವ್ಯವಹಾರ ಯುಪಿಐ ಪಿನ್ ಮತ್ತು ಒಟಿಪಿಯಲ್ಲೇ ಮುಗಿಯುತ್ತದೆ. ಅವರಿಗೆ ಪಾಸ್‌ವರ್ಡ್ ಮ್ಯಾನೇಜರ್ ಸಲಹೆ ಮಾಡುವುದು ರೋಗ ಬಿಟ್ಟು ಬೇರೆ ಮದ್ದು ಕೊಟ್ಟಂತೆ. ಅವರ ನಿಜವಾದ ಬೀಗದಕೈ ಸಿಮ್ ಕಾರ್ಡು. ರೀಚಾರ್ಜ್ ಬಿಟ್ಟ ಹಳೆಯ ನಂಬರು ಕಡಿತವಾಗಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಬ್ಯಾಂಕು, ಆಧಾರ್‌ಗಳಲ್ಲಿ ಆ ನಂಬರೇ ಉಳಿದಿದ್ದರೆ ಒಟಿಪಿ ಹೊಸಬರ ಮೊಬೈಲಿಗೆ ಬರುತ್ತದೆ. ನಂಬರು ಬದಲಿಸಿದ ವಾರದಲ್ಲೇ ಬ್ಯಾಂಕಿಗೆ ತಿಳಿಸುವುದು ಅವರಿಗೆ ಎಲ್ಲಕ್ಕಿಂತ ಮುಖ್ಯ.

ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ನಮ್ಮ ಕೈಯಿಂದಲೇ ಹಣ ಕಳುಹಿಸಿಕೊಳ್ಳುವವರ ಮುಂದೆಯೂ ಮ್ಯಾನೇಜರ್ ನಿರುಪಾಯ. ಅಲ್ಲಿ ನೆನಪಿಡಬೇಕಾದದ್ದು ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ. ಪುಣೆಯ ಕಾಸ್ಮಾಸ್ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋದದ್ದು ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಗೇ ಕುತಂತ್ರಾಂಶ ಹೊಕ್ಕಿದ್ದರಿಂದ. ಗ್ರಾಹಕರ ಪಾಸ್‌ವರ್ಡಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಪಾಸ್‌ವರ್ಡೇ ಇಲ್ಲದ ಪಾಸ್‌ಕೀ ಬರುತ್ತಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2022ರಿಂದ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಅದನ್ನು ಒಟ್ಟಾಗಿ ಮುಂದೊಯ್ಯುತ್ತಿವೆ. ಬೆರಳಚ್ಚು ಒತ್ತಿದರೆ ಸಾಕು, ಮೋಸದ ತಾಣಕ್ಕೆ ಕೊಡಲು ಅಲ್ಲಿ ಪಾಸ್‌ವರ್ಡೇ ಇರುವುದಿಲ್ಲ. ಆ ಪಾಸ್‌ಕೀಗಳನ್ನು ಜೋಪಾನವಾಗಿಡುವುದೂ ಹೆಚ್ಚಾಗಿ ಮ್ಯಾನೇಜರ್‌ಗಳೇ.

ಎಲ್ಲಿಂದ ಶುರುಮಾಡುವುದು

ಮನೆಯವರೆಲ್ಲ ಒಂದೇ ಕಂಪನಿಯ ಫೋನು ಬಳಸುತ್ತಿದ್ದರೆ ಅದರಲ್ಲೇ ಇರುವ ಆ್ಯಪಲ್ ಅಥವಾ ಗೂಗಲ್‌ನ ಮ್ಯಾನೇಜರ್ ಸಾಕು. ಆದರೆ ಫೋನಿನ ಪಿನ್ ನಾಲ್ಕು ಅಂಕಿಯ ಹುಟ್ಟಿದ ಇಸವಿ ಆಗಿರಬಾರದು. ಹಂಚಿಕೊಳ್ಳುವ ಅಗತ್ಯವಿರುವ ವ್ಯಾಪಾರಿಗಳಿಗೆ ಬಿಟ್‌ವಾರ್ಡನ್, 1ಪಾಸ್‌ವರ್ಡ್‌ನಂಥವು ವಾಸಿ. ಬಿಟ್‌ವಾರ್ಡನ್‌ನ ಮೂಲ ಸೌಲಭ್ಯಗಳು ಉಚಿತ. ತಿಜೋರಿ ಯಾವ ಕಂಪನಿಯ ಬಳಿಯೂ ಇರಬಾರದು ಎನ್ನುವವರಿಗೆ 2003ರಿಂದ ಇರುವ ಕೀಪಾಸ್ ಇದೆ, ಅದರ ಕಡತ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವ ಹೊಣೆ ಮಾತ್ರ ನಮ್ಮದೇ.

ಮಾಸ್ಟರ್ ಪಾಸ್‌ವರ್ಡಿಗೆ ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸುವುದು ಒಳ್ಳೆಯ ಉಪಾಯ: ಹಲಸು, ಕಂದೀಲು, ಬುಗುರಿ, ನಾಟಾ, ತೊಗಟೆ ಎಂಬಂತೆ. ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಪದಗಳಾದರೆ ಉತ್ತಮ. ವಚನದ, ಭಜನೆಯ, ಗಾದೆಯ ಸಾಲು ಬೇಡ, ಜನರಿಗೆ ಬಾಯಿಪಾಠವಿರುವುದು ಯಂತ್ರಕ್ಕೂ ಗೊತ್ತಿರುತ್ತದೆ.

ಇಪ್ಪತ್ತು ಖಾತೆಗಳನ್ನು ಒಂದೇ ಭಾನುವಾರ ಬದಲಿಸಲು ಹೋದರೆ ಅರ್ಧಕ್ಕೆ ಸಾಕಾಗುತ್ತದೆ. ಮೊದಲು ಇಮೇಲ್ ಒಂದನ್ನೇ ಬದಲಿಸಿ, ಪಾಸ್‌ವರ್ಡಿನ ಜೊತೆಗೆ ಒಟಿಪಿಯಂಥ ಎರಡನೆಯ ಹಂತದ ದೃಢೀಕರಣ ಹಾಕಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಆ ಇಮೇಲಿಗೇ, ಆದ್ದರಿಂದ ಅದು ಹೋದರೆ ಎಲ್ಲವೂ ಹೋದಂತೆ. ಮುಂದಿನ ವಾರ ಬ್ಯಾಂಕುಗಳು, ಆಮೇಲೆ ಜಿಎಸ್‌ಟಿ ಮತ್ತು ಪಿಎಫ್. ಮಿಕ್ಕವನ್ನು ಲಾಗಿನ್ ಆಗಬೇಕಾಗಿ ಬಂದಾಗಲೆಲ್ಲ ಒಂದೊಂದಾಗಿ ಬದಲಿಸಿಕೊಂಡರಾಯಿತು. ಮಾಸ್ಟರ್ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮನೆಯ ಕಾಗದಪತ್ರಗಳ ಜೊತೆ ಕಪಾಟಿನಲ್ಲಿಡಿ, ಇಟ್ಟ ಜಾಗವನ್ನು ಮನೆಯ ಇನ್ನೊಬ್ಬರಿಗೆ ಹೇಳಿಡಿ. ಗಲ್ಲಾದ ಪಕ್ಕದ ನೋಟುಪುಸ್ತಕದ ಆ ಕೊನೆಯ ಪುಟಗಳನ್ನು ಹರಿದು ಸುಡುವುದು, ಪ್ರತಿಯೊಂದು ಸಾಲೂ ಹೊಸ ಪಾಸ್‌ವರ್ಡಿಗೆ ಬದಲಾದ ಮೇಲೆ.